ತಿಗನಾರೆಗೆ ಹೋಗಿ ನೋಡಿ ಬಂದ ಅತ್ತೆ

ಮೊನ್ನೆ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ ಸೀಸೆ ಕೈಜಾರಿ ಅಡುಗೆಮನೆಯ ನೆಲಕ್ಕೆ ಬಿದ್ದು ಒಡೆಯಿತು. ಒಂದು ಗಳಿಗೆಯಲ್ಲಿ ಮನೆಯೆಲ್ಲಾ ಅದರ ವಾಸನೆ. ಗಾಯದ ಮುಲಾಮಿನದೂ ಅಲ್ಲ, ಫಿನಾಯಿಲಿನದೂ ಅಲ್ಲ, ಎರಡರ ನಡುವಿನ ಒಂದು ಘಾಟು. ಒರೆಸುತ್ತಾ ಕೂತವಳಿಗೆ ಕಣ್ಣು ತುಂಬಿ ಬಂತು. ಗಂಡ ಗಾಬರಿಯಾಗಿ ‘ಗಾಜು ಚುಚ್ಚಿತಾ?’ ಎಂದರು. ಗಾಜಲ್ಲ... ಅತ್ತೆ. ಈ ವಾಸನೆಗೆ ‘ನಮ್ಮ ಮಗೀನ ಸೆಂಟು’ ಎಂದು ಹೆಸರಿಟ್ಟವಳು ಅವಳೇ.

ಅವಳು ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬೆಟ್ಟದ ಮೇಲಿನ ಪಣಕಹಳ್ಳಿಯ ನಮ್ಮ ಮನೆಗೆ ಬಂದು ನೆಲೆಸಿದ್ದಳು. ದನದ ವಿಷಯದಲ್ಲಿ ಅವಳನ್ನು ಮೀರಿದವರಿರಲಿಲ್ಲ. ಊರಿನಲ್ಲಿ ಯಾರು ಹಸು ಕೊಳ್ಳಲು ಹೊರಟರೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಮಾರುವವನು ಎಷ್ಟೇ ಹೊಗಳಲಿ, ಅವಳು ತಾನೇ ಕೂತು ಹಾಲು ಕರೆದು ನೋಡದೆ ಹೂಂ ಅನ್ನುತ್ತಿರಲಿಲ್ಲ. ‘ಮಾರೋನ ಬಾಯಿ ನೋಡ್ಬ್ಯಾಡಿ ಕಣ್ರೋ, ಅಸೀನ ಬಾಯಿ ನೋಡಿ’ ಎನ್ನುತ್ತಿದ್ದಳು.

ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಎಷ್ಟು ನೀರು ಕುಡಿದರೂ ದಾಹ, ತಿಂದರೂ ಮೈಗೆ ಹತ್ತದು. ಸೊರಗಿ ಸೊರಗಿ ಒಂದು ದಿನ ಶಾಲೆಯ ಅಂಗಳದಲ್ಲೇ ಬಿದ್ದೆ. ಘಾಟಿಯ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆಂದು ನಮ್ಮವರು ಕೇಳಿದ್ದು ಅಂದೇ ಮೊದಲು. ‘ಇವಳ ದೇಹದಲ್ಲಿ ಇನ್ಸುಲಿನ್ ಹುಟ್ಟುವುದು ನಿಂತಿದೆ. ದಿನವೂ ಸೂಜಿಯಲ್ಲಿ ಕೊಡಬೇಕು, ಯಾವ ಕಾರಣಕ್ಕೂ ನಿಲ್ಲಿಸಬಾರದು’ ಎಂದರು ಡಾಕ್ಟರಮ್ಮ. ಅವ್ವ ಅಲ್ಲೇ ಸೂಜಿ ಹಾಕುವುದನ್ನು ಕಲಿತಳು. ನಮಗಾಗ ಫ್ರಿಜ್ಜಿರಲಿಲ್ಲ. ಅತ್ತೆ ಮನೆಯ ಮೂಲೆಯಲ್ಲಿ ಒದ್ದೆ ಮರಳು ಗುಡ್ಡೆ ಹಾಕಿ, ಅದರಲ್ಲಿ ಪುಟ್ಟ ಮಡಕೆ ಹೂತು ಸೀಸೆಯನ್ನು ತಂಪಾಗಿಟ್ಟಳು. ಅಪ್ಪ ಮಾತ್ರ ಸೂಜಿ ಡಬ್ಬಿಯಿಂದ ಹೊರಬಂದ ತಕ್ಷಣ ಹೊಲಕ್ಕೆ ಹೊರಟುಬಿಡುತ್ತಿದ್ದ. ನನ್ನ ಅಳು ಅವನಿಗೆ ತಡೆಯಲಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹತ್ತಿರದ ಸಂತೆಯೂರು ತಾಳವಾಡಿಗೆ ಒಬ್ಬ ವೈದ್ಯರು ಬರತೊಡಗಿದರು. ಎಲ್ಲಿಯವರೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಂತೆಯ ದಿನ ಬಾಡಿಗೆಯ ಛತ್ರದಲ್ಲಿ ಮೈಕು ಹಿಡಿದು ಮಾತಾಡುತ್ತಿದ್ದರು. ಬಿಳಿ ಜುಬ್ಬ, ತಣ್ಣನೆಯ ದನಿ. ಅಪ್ಪ ನನ್ನನ್ನು ಕರೆದೊಯ್ದಾಗ ಅವರು ತಲೆ ನೇವರಿಸಿ, ‘ಇನ್ನು ಈ ಮಗುವಿಗೆ ಸೂಜಿ ಬೇಡ’ ಎಂದರು. ಅಪ್ಪ ಅಲ್ಲೇ ಅತ್ತುಬಿಟ್ಟ. ನನಗೋ ಹಬ್ಬ ಬಂದಷ್ಟು ಖುಷಿ! ಪುಡಿಯ ಪೊಟ್ಟಣಗಳನ್ನು ಕೊಟ್ಟು, ಬರುವ ಅಮಾವಾಸ್ಯೆಯಿಂದ ಶುರುಮಾಡಬೇಕು, ಅಂದಿನಿಂದಲೇ ಸೂಜಿ ನಿಲ್ಲಿಸಬೇಕು, ಎರಡೂ ಒಂದೇ ದೇಹದಲ್ಲಿ ಸೇರಬಾರದು ಎಂದರು.

ನಮ್ಮ ಜೊತೆ ಬಂದು ಹಿಂದೆ ನಿಂತಿದ್ದ ಅತ್ತೆ ಆಗ ಬಾಯಿಬಿಟ್ಟಳು. ‘ಸಾಮಿ, ನಿಮ್ಮ ಪುಡಿ ತಿಂದು ಸೂಜಿ ಬುಟ್ಟು ಉಸಾರಾಗಿರೋ ಮಕ್ಳು ಯಾವ್ಯಾವೂರಲ್ಲವ್ರೆ? ವಸಿ ಏಳಿ.’

ವೈದ್ಯರು ನಕ್ಕರು. ‘ಎಷ್ಟೋ ಮಕ್ಕಳಿದ್ದಾರಮ್ಮ. ಇಲ್ಲೇ ದೊಡ್ಡಗಾಜನೂರಿನಲ್ಲಿ ಒಬ್ಬ ಹುಡುಗ, ತಿಗನಾರೆಯಲ್ಲಿ ಒಬ್ಬಳು ಹುಡುಗಿ. ಮೊದಲು ನಂಬಿಕೆ ಬೇಕು.’

ಮನೆಗೆ ಬಂದ ಮೇಲೆ ಅಕ್ಕ ತಮ್ಮನಿಗೆ ಜಗಳ. ‘ದಿನಾ ಮಗೀಗೆ ಚುಚ್ಚಾದ ನಾ ನೋಡಲಾರೆ ಅಕ್ಕ’ ಎಂದ ಅಪ್ಪ.

‘ನೋಡ್ಬ್ಯಾಡ ಕಣ್ಲಾ, ಆ ಕಡೆ ತಿರುಗ್ಕೋ. ಒಂದ್ ಅಸ ತರೋವಾಗ ನಾವೇ ಕರ್ದು ನೋಡ್ತೀವಿ. ಮಗೀನ ಪ್ರಾಣಕ್ಕೆ ಅವ್ನ ಬಾಯ್ಮಾತು ಸಾಕಾ? ಅಮಾಸೆ ಬರೋಗಂಟ ಸೂಜಿ ನಿಲ್ಲಿಸ್ಬ್ಯಾಡ. ನಾ ಓಗಿ ನೋಡ್ಕಂಡು ಬತ್ತೀನಿ.’

ಅತ್ತೆಗೆ ನಾಟಿ ಮದ್ದಿನ ಮೇಲೆ ಸಿಟ್ಟೇನೂ ಇರಲಿಲ್ಲ. ನನಗೆ ಕೆಮ್ಮು ಬಂದರೆ ದೊಡ್ಡಪತ್ರೆ ರಸ ಹಿಂಡಿ ಕುಡಿಸುತ್ತಿದ್ದವಳು ಅವಳೇ. ಬೆಟ್ಟದ ದೇವರಿಗೆ ಹರಕೆಯನ್ನೂ ಹೊತ್ತಿದ್ದಳು. ‘ದ್ಯಾವ್ರಿಗೆ ಕೈ ಮುಗಿಯಾದು ಬೇರೆ, ಸೂಜಿ ಬುಡಾದು ಬೇರೆ’ ಅನ್ನುವುದಷ್ಟೇ ಅವಳ ವಾದ.

ಮಾರನೆಯ ದಿನ ಅವ್ವ ಸೂಜಿ ಹಾಕಿ, ರಾಗಿ ರೊಟ್ಟಿ ಕಟ್ಟಿಕೊಟ್ಟಳು. ಅತ್ತೆಯ ಜೊತೆ ನಾನೂ ಬಸ್ಸು ಹತ್ತಿದೆ. ದೊಡ್ಡಗಾಜನೂರಿನ ಹುಡುಗ ಬೀದಿಯಲ್ಲಿ ಲಗೋರಿ ಆಡುತ್ತಿದ್ದ. ಗುಂಡುಗುಂಡಾಗಿದ್ದ. ನನಗೆ ಆಸೆ ಚಿಗುರಿತು. ಅತ್ತೆ ಅವನ ಅಜ್ಜಿಯನ್ನು ಸೂಜಿಯ ಬಗ್ಗೆ ವಿಚಾರಿಸಿದಳು.

‘ಸೂಜಿನಾ? ನಮ್ಮುಡುಗುಂಗೆ ಯಾರೂ ಸೂಜಿ ಆಕಿಲ್ಲ ಕನವ್ವ’ ಎಂದಳು ಆ ಮುದುಕಿ. ‘ಆಸ್ಗೇಲಿ ಉಚ್ಚೆ ಉಯ್ಕತಿದ್ದ. ಪುಡಿ ತಂದು ಕೊಟ್ಟೊ. ದೊಡ್ಡೋನಾದ, ನಿಂತೋಯ್ತು.’

‘ರಕ್ತ ಗಿಕ್ತ ತಗ್ದು ನೋಡಿದ್ರಾ?’

‘ಅದ್ಯಾಕವ್ವ?’

ಅತ್ತೆ ನನ್ನ ಕೈ ಹಿಡಿದು ಹೊರಗೆ ಬಂದಳು. ದಾರಿಯಲ್ಲಿ ಅವಳಿಗೆ ನಗು ತಡೆಯಲಿಲ್ಲ. ನನಗೆ ಮಾತ್ರ ಅಳು ಬಂತು.

ತಿಗನಾರೆಯಲ್ಲಿ ಆ ನಗು ನಿಂತಿತು. ಮುಳ್ಳುಬೇಲಿಯೊಳಗಿನ ಒಂದು ಮನೆ. ಮೇವು ಕತ್ತರಿಸುತ್ತಿದ್ದ ಹೆಂಗಸು ನಮ್ಮ ಮಾತು ಕೇಳಿ ಕುಡುಗೋಲನ್ನು ಕೆಳಗಿಟ್ಟಳು. ಅತ್ತೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಸೂಜಿಯ ಗುರುತುಗಳಿದ್ದ ನನ್ನ ತೋಳನ್ನು ಮೆಲ್ಲಗೆ ಸವರಿದಳು. ‘ನಮ್ಮವ್ಳಿಗೂ ಇಂಗೇ ಇತ್ತು’ ಎಂದಳು.

‘ಸೂಜಿ ಬುಡ್ಸುದ್ಮೇಲೆ ನೀರು ನೀರು ಅಂತಿದ್ಲು. ವಾಂತಿ ನಿಲ್ನಿಲ್ಲ. ಓಗಿ ಕೇಳುದ್ರೆ, ಒಳಗಿನ ಇಸ ಓಯ್ತಾ ಅದೆ, ತಡ್ಕೊಳ್ಳಿ ಅಂದ್ರು. ತಡ್ಕೊಂಡೊ... ಮುಂದಿನ ಸಂತೆಗೆ ಅವ್ಳೇ ಇರ್ನಿಲ್ಲ.’ ಸೆರಗಿನಿಂದ ಮುಖ ಒರೆಸಿಕೊಂಡು, ‘ನಮ್ಮುಡುಗಿಗೆ ಏನಾಯ್ತು ಅಂತ ಬಂದು ಕೇಳ್ದೋರು ನೀವೇ ಮೊದ್ಲು’ ಎಂದಳು.

ಅತ್ತೆ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಉಳಿದ ಮೇವನ್ನು ತಾನೇ ಕತ್ತರಿಸಿಕೊಟ್ಟಳು. ಏಳುವಾಗ ಅತ್ತೆ, ‘ಸಂತೆ ದಿನ ನನ್ನ ಜೊತೆ ಬತ್ತೀಯವ್ವ?’ ಎಂದು ಕೇಳಿದಳು.

ಅಮಾವಾಸ್ಯೆಗೆ ಮುಂಚಿನ ಆ ಸಂತೆಯ ದಿನ ಛತ್ರ ಕಿಕ್ಕಿರಿದಿತ್ತು. ಕೈಕಾಲು ಸೋತ ಮಕ್ಕಳು, ಮೂರ್ಛೆ ಬರುವ ಮಕ್ಕಳು, ಅವರನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು. ವೈದ್ಯರು ಮೈಕಿನಲ್ಲಿ ತಮ್ಮಿಂದ ಗುಣವಾದವರನ್ನು ಹೇಳುತ್ತಾ ತಿಗನಾರೆಯ ಹುಡುಗಿಗೆ ಬಂದರು. ಅತ್ತೆ ಎದ್ದು ನಿಂತಳು.

‘ಆ ಉಡುಗಿ ಅವ್ವ ಇಲ್ಲೇ ಅವ್ಳೆ ಸಾಮಿ.’

ಆ ತಾಯಿಯೂ ಎದ್ದಳು. ಕೂಗಾಡಲಿಲ್ಲ. ‘ನನ್ನ ಮಗ್ಳು ಉಸಾರಾಗವ್ಳೆ ಅಂದ್ರಲ್ಲ. ಎಲ್ಲವ್ಳೆ ಸಾಮಿ, ತೋರ್ಸಿ’ ಎಂದಳು.

‘ಪಥ್ಯ ಸರಿಯಾಗಿ ಮಾಡಲಿಲ್ಲ, ನಂಬಿಕೆಯೂ ಇರಲಿಲ್ಲ’ ಎಂದರು ವೈದ್ಯರು.

‘ಅಂಗಾದ್ರೆ ಸತ್ತ ಮಗೀನ ಬದುಕಿರೋ ಮಕ್ಳ ಜೊತೆ ಯಾಕೆ ಸೇರಿಸುದ್ರಿ?’ ಎಂದಳು ಅತ್ತೆ.

ಮೊದಲು ಎದ್ದವನು ನನ್ನ ಅಪ್ಪ. ಚೀಲದಲ್ಲಿ ತಂದಿದ್ದ ಪೊಟ್ಟಣಗಳನ್ನು ವೈದ್ಯರ ಮೇಜಿನ ಮೇಲೆ ಸುರಿದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮೇಜು ತುಂಬಿ ನೆಲಕ್ಕೆ ಉದುರುವಷ್ಟು ಪೊಟ್ಟಣಗಳು! ಮಕ್ಕಳನ್ನು ಎತ್ತಿಕೊಂಡು ಜನ ಹೊರನಡೆದರು. ಯಾರೋ ದೂರು ಕೊಟ್ಟರಂತೆ, ಅದು ಏನಾಯಿತೋ ತಿಳಿಯದು. ಮುಂದಿನ ಸಂತೆಗೆ ಆ ಛತ್ರಕ್ಕೆ ಬೀಗ ಬಿದ್ದಿತ್ತು. ವೈದ್ಯರು ಮತ್ತೆಂದೂ ನಮ್ಮ ಬೆಟ್ಟ ಹತ್ತಲಿಲ್ಲ.

ಆ ಸಂಜೆ ಅಪ್ಪ ಹೊಲಕ್ಕೆ ಹೋಗಲಿಲ್ಲ. ಅವ್ವನನ್ನು ಕೇಳಿ ಕೇಳಿ ತಾನೇ ನನಗೆ ಸೂಜಿ ಹಾಕಿ, ‘ನೋವಾಯ್ತಾ ಮಗಾ?’ ಎಂದ. ಅವ್ವ ಹಾಕುವುದಕ್ಕಿಂತ ಬಹಳ ನೋವಾಗಿತ್ತು. ಇಲ್ಲ ಎಂದೆ.

ನಾನು ಬೆಳೆದೆ, ಓದಿದೆ, ಮದುವೆಯಾಗಿ ಊರಿನಲ್ಲೇ ಉಳಿದೆ. ನನಗೆ ಮಗ ಹುಟ್ಟಿದಾಗ ಅತ್ತೆ ಕೂಸನ್ನು ಎತ್ತಿಕೊಂಡು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮೆರವಣಿಗೆ ಮಾಡಿದಳು. ‘ಆ ಪುಡಿ ವೈದ್ಯ ಎಲ್ಲವ್ನೋ ಕರ್ಕಂಡ್ ಬನ್ರೋ, ನಮ್ಮುಡುಗಿ ಮಗೀನ ನೋಡ್ಲಿ!’ ಎಂದು ಕೂಗಿದ್ದು ಊರಿಗೆಲ್ಲ ಕೇಳಿಸಿತ್ತು.

ಅತ್ತೆ ತೀರಿಹೋಗಿ ಕೆಲವು ವರ್ಷಗಳಾದವು. ಈಗಲೂ ಯಾವುದಾದರೂ ಮಗುವಿಗೆ ಈ ಕಾಯಿಲೆ ಎಂದು ಗೊತ್ತಾದರೆ ಅಪ್ಪ ಅಮ್ಮಂದಿರು ಹುಡುಕಿಕೊಂಡು ಬರುತ್ತಾರೆ. ಅವರ ಫೋನಿನಲ್ಲಿ ಯಾರದೋ ವಿಡಿಯೊ ಇರುತ್ತದೆ, ಯಾವುದೋ ಸೊಪ್ಪಿನ ರಸ, ಯಾವುದೋ ಪುಡಿ. ನಾನು ಅವರ ಎದುರೇ ಸೂಜಿ ಹಾಕಿಕೊಂಡು, ಆಮೇಲೆ ಅವರನ್ನೂ ಊಟಕ್ಕೆ ಕೂರಿಸುತ್ತೇನೆ.

ತಿಗನಾರೆಯ ತಾಯಿ ಇನ್ನೂ ಇದ್ದಾಳೆ. ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತೇನೆ. ಹೋದಾಗಲೆಲ್ಲ ನನ್ನನ್ನು ಬೆಳಕಿಗೆ ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ತನ್ನ ಮಗಳು ಈಗ ಎಷ್ಟೆತ್ತರ ಇರುತ್ತಿದ್ದಳೆಂದು ಅಳೆಯುತ್ತಾಳೇನೋ... ಹೋದ ತಿಂಗಳು ನನ್ನ ಬೈತಲೆಯಲ್ಲಿ ಬೆಳ್ಳಗಿನ ಎಳೆಯೊಂದು ಅವಳ ಕಣ್ಣಿಗೆ ಬಿತ್ತು. ‘ಅಯ್, ನರೆ ಬಂದದಲ್ಲೇ ನಿಂಗೆ!’ ಎಂದು ಚಪ್ಪಾಳೆ ತಟ್ಟಿ ನಕ್ಕಳು, ಅಕ್ಕಪಕ್ಕದವರನ್ನೂ ಕರೆದು ತೋರಿಸಿದಳು. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ವಾಪಸ್ಸು ಬರುವ ಬಸ್ಸಿನಲ್ಲಿ ಇದನ್ನು ಅತ್ತೆಗೆ ಹೇಳಬೇಕು, ಮನೆಗೆ ಹೋದ ತಕ್ಷಣ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಪಣಕಹಳ್ಳಿಯಲ್ಲಿ ಇಳಿದ ಮೇಲೆ ನೆನಪಾಯಿತು.