ಕೊನೆಯಿಲ್ಲದ ಪಂಕ್ತಿ

ಗಣಿತದ ಮೇಷ್ಟ್ರು ಕಥೆ ಬರೆಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸಂಪಾದಕರು ಮಾತ್ರ ಹೇಳಿದ್ದರು, ಅದೂ ಮೂರು ಸಲ. ರಷ್ಯಾದವರು ಆಕಾಶಕ್ಕೆ ಮನುಷ್ಯನನ್ನೇ ಹಾರಿಸಿದ್ದ ಕಾಲ. ದಾವಣಗೆರೆಯಲ್ಲಿ ಬೀಜಗಣಿತ ಹೇಳಿಕೊಡುತ್ತಿದ್ದ ನನಗೂ ಹುಮ್ಮಸ್ಸು ಬಂದು, ವೈಜ್ಞಾನಿಕ ಕಥೆ ಬರೆದು ಮಾಸಪತ್ರಿಕೆಗೆ ಕಳಿಸುತ್ತಿದ್ದೆ. ಅವು ಸಾಕಿದ ಪಾರಿವಾಳದಂತೆ ಮನೆಗೇ ಮರಳುತ್ತಿದ್ದವು. ನಾಲ್ಕನೆಯದೂ ಮರಳಿದರೆ ಪೆನ್ನು ಮುಟ್ಟುವುದಿಲ್ಲವೆಂದು ಹೆಂಡತಿ ಗಿರಿಜೆಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಈ ಸಲ ಅನಂತವನ್ನೇ ಹಿಡಿದೆ. ಬೇರೊಂದು ಗ್ರಹದಲ್ಲಿ ಮದುವೆ. ಊಟದ ಪಂಕ್ತಿಗೆ ಮೊದಲುಂಟು, ಕೊನೆಯಿಲ್ಲ. ಎಲ್ಲ ಎಲೆಯೂ ಭರ್ತಿ. ತಡವಾಗಿ ಒಬ್ಬ ನೆಂಟ ಬರುತ್ತಾನೆ. ಪ್ರತಿಯೊಬ್ಬರೂ ಪಕ್ಕದ ಎಲೆಗೆ ಸರಿದರೆ ಮೊದಲನೆಯ ಎಲೆ ಖಾಲಿ! ನನಗೇ ನನ್ನ ಮೇಲೆ ಗೌರವ ಬಂತು.

ಹರಿಹರದಿಂದ ಅತ್ತೆ ಬಂದಿದ್ದರು. ಅಲ್ಲಿನ ಎಷ್ಟೋ ಮದುವೆಗಳಲ್ಲಿ ಹುಗ್ಗಿ ಬಡಿಸಿದ ಕೈ ಅವರದು. ಮಧ್ಯಾಹ್ನ ಅವರಿಗೆ ಕಥೆ ಓದಿ ಹೇಳಿದೆ.

“ಎಲ್ರಿಗೂ ಬಡಿಸಿದ್ದಾತೇನ್ರಿ, ಮಾಸ್ತರ್ರೆ?” ಎಂದರು.

“ಕೊನೆಯೇ ಇಲ್ಲಲ್ರಿ ಅತ್ತೆ, ಹೆಂಗೆ ಆಗ್ತೈತೆ?”

“ಹಂಗಾರೆ ಯಾರೂ ತುತ್ತು ಎತ್ತಿಲ್ಲ ಬಿಡ್ರಿ. ಎಲ್ಲಾ ಎಲೆಗೂ ಬೀಳೋತನಕ ಕೈ ಹಾಕಂಗಿಲ್ಲಲ್ರಿ. ಹುಗ್ಗಿ ತಣ್ಣಗಾಗಿ ಗಟ್ಟಿಯಾಗ್ತೈತೆ.”

ನನ್ನ ಮದುವೆಮನೆ ಅಲ್ಲೇ ಕುಸಿಯಿತು. ಅನಂತಕ್ಕೆ ಒಂದು ಕೂಡಿಸಿದರೂ ಅಷ್ಟೇ, ಕಳೆದರೂ ಅಷ್ಟೇ ಎಂದು ಗಣಿತಜ್ಞರು ಹೇಳುತ್ತಾರೆ. ಅದಕ್ಕೆ ಹಸಿವಾಗುತ್ತದೆಂದು ಯಾರೂ ಬರೆದಿಲ್ಲ.

ನನ್ನ ಪೆಚ್ಚುಮೋರೆ ನೋಡಿ ಅತ್ತೆಯೇ ದಾರಿ ತೋರಿದರು: “ಹಿರೇರೊಬ್ರು ‘ಎಲೆಗೆ ಬಿದ್ದಂಗೆಲ್ಲ ಉಣ್ರಿ’ ಅಂದ್ರಾತು.”

ತಕ್ಷಣ ಪಂಕ್ತಿಯ ತಲೆಯಲ್ಲಿ ಒಬ್ಬ ಮುದುಕಿಯನ್ನು ನಿಲ್ಲಿಸಿ, ಕೈಗೆ ಹುಗ್ಗಿಯ ಬಕೆಟ್ಟು ಕೊಟ್ಟೆ. ಆಕೆಯ ಮಾತಿಗೆ ಊಟ ಶುರುವಾಯಿತು. ತಿದ್ದಿದ್ದನ್ನು ಓದಿ ಮುಗಿಸಿದಾಗ ಅತ್ತೆ, “ಆಕಿ ಯಾವಾಗ ಉಣ್ಣೋದು?” ಎಂದರು.

ಬಡಿಸುವವರದು ಯಾವಾಗಲೂ ಕಡೆಯ ಪಂಕ್ತಿ. ನನ್ನ ಕಥೆಯಲ್ಲಿ ಕಡೆಯೆಂಬುದೇ ಇಲ್ಲ! ತಲೆಯೆತ್ತಿ ನೋಡಿದರೆ ಗಂಟೆ ಮೂರು. ನಾನು ಉಂಡು ಎರಡು ತಾಸಾಗಿತ್ತು. ಕಥೆ ಕೇಳುತ್ತ ಕೂತ ಅತ್ತೆಯಾಗಲಿ, ಅವರಿಗಾಗಿ ಕಾದಿದ್ದ ಗಿರಿಜೆಯಾಗಲಿ ಇನ್ನೂ ಉಂಡಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಇಬ್ಬರನ್ನೂ ಕೂರಿಸಿ ಸೌಟು ನಾನೇ ಹಿಡಿದೆ. ಸಾರು ಅನ್ನಕ್ಕಿಂತ ನೆಲಕ್ಕೇ ಹೆಚ್ಚು ಬಿತ್ತು. ಅವರಿಬ್ಬರೂ ನಕ್ಕು ನಕ್ಕು ಉಂಡರು.

ಸಂಜೆ ಕಥೆಯ ಕೊನೆ ಬರೆದೆ: ತಡವಾಗಿ ಬಂದ ನೆಂಟ ತನಗೆ ಸಿಕ್ಕ ಎಲೆಗೆ ಮುದುಕಿಯನ್ನು ಕೂರಿಸಿ, ಬಕೆಟ್ಟು ತಾನು ಹಿಡಿಯುತ್ತಾನೆ.

ಕಥೆ ಕಳಿಸಿದ ಕೆಲವು ತಿಂಗಳ ಮೇಲೆ ಅಂಚೆಯವನು ತಂದದ್ದು ನನ್ನ ಹಸ್ತಪ್ರತಿಯನ್ನಲ್ಲ, ಕಥೆ ಅಚ್ಚಾದ ಪತ್ರಿಕೆಯನ್ನು. ಗಿರಿಜೆ ಅದನ್ನು ಎರಡು ಸಲ ಓದಿ ಹೇಳಿದಳು: “ಪೆನ್ನು ಇಟ್ಕಳ್ರಿ. ಸೌಟೂ ಬಿಡಬ್ಯಾಡ್ರಿ.”