ಸಾಂತಾ ಲೂಚಿಯಾ ದಿನದ ಸಂಜೆ ಗಾಡಿ

ಕ್ಯಾಮೆರಾ ತಿರುಗುತ್ತಿದ್ದಾಗ ನೀವೆಸ್ ಗಿದೋರ್ಜಿ ಬಹುಮಟ್ಟಿಗೆ ಅಂಕಿ ಎಣಿಸುತ್ತಿದ್ದಳು. ಕೊಲೆಗಾರನ ಎದುರು ಪ್ರಾಣಭಿಕ್ಷೆ ಬೇಡುವಾಗ ಹದಿನೇಳರವರೆಗೆ, ಪ್ರಿಯನ ತೋಳಿನಲ್ಲಿ ಕೊನೆಯ ಮಾತು ಹೇಳುವಾಗ ಮೂವತ್ತರವರೆಗೆ. ಆಗಿನ ರೋಮಿನಲ್ಲಿ ಶೂಟಿಂಗ್ ಜಾಗದ ದನಿ ಯಾರಿಗೂ ಬೇಕಿರಲಿಲ್ಲ. ಮಾತೆಲ್ಲ ಆಮೇಲೆ, ಡಬ್ಬಿಂಗ್ ಕೋಣೆಯಲ್ಲಿ, ಬೇರೆಯವರ ಬಾಯಿಂದ. ಅವಳು ಮಾಡುತ್ತಿದ್ದ ಅಗ್ಗದ ಚಿತ್ರಗಳಲ್ಲಂತೂ ಮಾತು ಬರೆಯುವವನು ಚಿತ್ರ ಮುಗಿದ ಮೇಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ತುಟಿ ಆಡಿದರೆ ಸಾಕಿತ್ತು, ಏನು ಆಡಿತು ಎಂದು ಕೇಳುವವರಿರಲಿಲ್ಲ.

ಹದಿಮೂರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ. ಅವುಗಳಲ್ಲಿ ಮೂವತ್ತೊಂದು ಚಿತ್ರದಲ್ಲಿ ಅವಳು ಸತ್ತಿದ್ದಳು. ಕತ್ತಿಗೆ, ಹಗ್ಗಕ್ಕೆ, ನರಭಕ್ಷಕರ ಪಾತ್ರೆಗೆ, ಒಮ್ಮೆ ರಬ್ಬರಿನ ಬಾವಲಿಗೆ. ಕೆಟ್ಟ ಸನ್ಯಾಸಿನಿ, ಜೈಲಿನ ಹುಡುಗಿ, ಸ್ನಾನದ ಮನೆಯಲ್ಲಿ ಸಿಕ್ಕಿಬೀಳುವ ಹುಡುಗಿ. ಮೈಮೇಲೆ ಬಟ್ಟೆ ಎಷ್ಟು ಹೊತ್ತು ಇರಬೇಕು ಎನ್ನುವುದನ್ನು ನಿರ್ಮಾಪಕರೇ ತೀರ್ಮಾನಿಸುತ್ತಿದ್ದರು. ಅಮೆರಿಕದ ಚಿತ್ರ ಎಂದು ನಂಬಿಸಲು ಹೆಸರನ್ನೂ ಜೆನ್ನಿ ಹಾರ್ಟ್‌ವುಡ್ ಮಾಡಿಟ್ಟಿದ್ದರು. ಹೀಗೆ ಹೆಸರು ಒಬ್ಬರದು, ದನಿ ಇನ್ನೊಬ್ಬರದು. ಉಳಿದ ಮೈಯೊಂದೇ ಅವಳದು, ಅದನ್ನು ಎಲ್ಲರೂ ನೋಡಿದ್ದರು.

ಒಮ್ಮೆ ತನ್ನ ಪಾತ್ರಕ್ಕೆ ತಾನೇ ದನಿ ಕೊಡುತ್ತೇನೆಂದು ಕೇಳಿದಳು. ಡಬ್ಬಿಂಗ್ ನಡೆಸುವವನು ಎರಡು ಸಾಲು ಹೇಳಿಸಿ ನಕ್ಕುಬಿಟ್ಟ. ಪೋ ನದಿಯ ಮಂಜೆಲ್ಲ ನಿನ್ನ ಗಂಟಲಲ್ಲೇ ಕೂತಿದೆಯಲ್ಲ ತಾಯಿ, ಹಾಲು ಕರೆಯುವವಳ ದನಿ ಇದು ಎಂದ. ಅವನು ಹೇಳಿದ್ದೇನೂ ಸುಳ್ಳಲ್ಲ. ಅವಳು ಪೋ ದಂಡೆಯ ಪಿಯೊಪ್ಪಾ ಊರಿನವಳು. ಅಪ್ಪ ಅತ್ತಿಲಿಯೊ ಚೀಸ್ ಮಾಡುವ ಕಾರ್ಖಾನೆಯ ಹಿರಿಯ ಕೆಲಸಗಾರ, ಅಮ್ಮ ದೀನಾ ಅದೇ ಕಾರ್ಖಾನೆಯ ಬಟ್ಟೆ ಒಗೆಯುವವಳು. ಅವಳಿಗಿಂತ ಐದು ವರ್ಷಕ್ಕೆ ಚಿಕ್ಕವನು ತಮ್ಮ ಎರ್ಮೆಸ್. ಎರಡನೆಯ ವಯಸ್ಸಿಗೆ ಬಂದ ಜ್ವರ ಅವನ ಎರಡೂ ಕಿವಿಯನ್ನು ಒಯ್ದಿತ್ತು.

ಕಿವುಡು ಮಕ್ಕಳ ಶಾಲೆಯಲ್ಲಿ ಅವನಿಗೆ ಕೈಸನ್ನೆ ಮಾಡಲು ಬಿಡಲಿಲ್ಲ. ಆಗಿನ ಪದ್ಧತಿಯೇ ಹಾಗೆ: ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು, ಎದುರಿನವರ ತುಟಿ ನೋಡಿ ಮಾತು ತಿಳಿಯಬೇಕು, ತಾನು ಕೇಳಲಾಗದ ದನಿಯಲ್ಲೇ ಮಾತಾಡಬೇಕು. ಆ ಕಾಟದಲ್ಲಿ ಎರ್ಮೆಸ್ ತುಟಿ ಓದುವುದರಲ್ಲಿ ಎತ್ತಿದ ಕೈ ಆದ. ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು, ಮುಂದೆ ಪಾದ್ರಿ ಗೊಣಗುವ ಬೈಗುಳವನ್ನೂ ಅಕ್ಕನಿಗೆ ಒಪ್ಪಿಸುತ್ತಿದ್ದ.

ಹತ್ತು ವರ್ಷದವನಿದ್ದಾಗ ಅಕ್ಕ ಅವನನ್ನು ಊರಿನ ಅಸ್ತ್ರಾ ಟಾಕೀಸಿಗೆ ಕರೆದುಕೊಂಡು ಹೋಗಿದ್ದಳು. ಪರದೆಯ ಮೇಲೆ ಗಂಡ ಹೆಂಡತಿ ಅಗಲುವ ದೃಶ್ಯ, ಸುತ್ತ ಎಲ್ಲರ ಕೈಯಲ್ಲೂ ಕರವಸ್ತ್ರ. ಎರ್ಮೆಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಅಕ್ಕಾ, ಆವಯ್ಯ ಅಳ್ತಾ ಅಳ್ತಾ ಒಂದು ಎರಡು ಮೂರು ಅಂತಿದಾನೆ ಕಣೇ!”

ಸಿನೆಮಾದವರ ಈ ಗುಟ್ಟು ನೀವೆಸ್‌ಗೆ ಮೊದಲು ತಿಳಿದದ್ದು ಹೀಗೆ, ಕಿವುಡ ತಮ್ಮನಿಂದ.

ಹತ್ತೊಂಬತ್ತಕ್ಕೆ ಅವಳು ರೋಮಿಗೆ ಹೋದಳು. ಮೊದಲ ವರ್ಷಗಳಲ್ಲಿ ಕಾಗದ ಬರೆದಳು, ಹಬ್ಬಕ್ಕೆ ಬಂದು ಹೋದಳು. ಆಮೇಲೊಂದು ದಿನ ಚೀಸ್ ಕಾರ್ಖಾನೆಯ ಎದುರುಗೋಡೆಗೇ ಅವಳ ಪೋಸ್ಟರು ಬಿತ್ತು. ಸರಪಳಿ, ಹರಿದ ಅಂಗಿ, ಪಕ್ಕದಲ್ಲಿ ಚಾವಟಿ ಹಿಡಿದ ಸನ್ಯಾಸಿನಿ. ಊರ ಬಾಯಿ ಮುಚ್ಚುವವರು ಯಾರು? ಕೆಲಸಗಾರರು ಅತ್ತಿಲಿಯೊನನ್ನು ಕರೆದು, ಮಗಳಿಗೆ ನೆಗಡಿಯಾದೀತು, ಒಂದು ಕಂಬಳಿ ಕಳಿಸು ಎಂದರು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಅಂಚೆಯವನಿಂದ ಕಾಗದಗಳನ್ನು ಅತ್ತಿಲಿಯೊ ತಾನೇ ಇಸಿದುಕೊಂಡು, ಒಡೆಯದೆ ಹಿಂದಕ್ಕೆ ಕಳಿಸುತ್ತಿದ್ದ. ತಮ್ಮನಿಗೆ ಫೋನು ಮಾಡೋಣವೆಂದರೆ ಅವನಿಗೆ ಫೋನು ಯಾವ ಕೆಲಸಕ್ಕೆ? ದೀನಾಗೆ ಗಂಡನ ಎದುರು ಉಸಿರೆತ್ತುವ ಧೈರ್ಯವಿರಲಿಲ್ಲ.

ಎರಡು ವರ್ಷ ನೀವೆಸ್ ಹಿಂದಿರುಗಿ ಬಂದ ಲಕೋಟೆಗಳನ್ನು ನೋಡಿ ಅತ್ತಳು. ಆಮೇಲೊಂದು ಬೆಳಿಗ್ಗೆ, ರೋಮಿನ ಹೊರಗಿನ ಪಾಳು ಕೋಟೆಯೊಂದರಲ್ಲಿ, ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಬಂದಿತ್ತು. ಎಂಟರವರೆಗೆ ಎಣಿಸಿದವಳಿಗೆ ಅದೇನು ಅನ್ನಿಸಿತೋ, ಅಂಕಿ ಬಿಟ್ಟು, ಊರಿನ ಮಾತಿನಲ್ಲಿ ಹೇಳಿಬಿಟ್ಟಳು: “ಎರ್ಮೆಸ್, ಚಳಿಗೆ ಬೂಟು ತಗೊಂಡ್ಯೇನೋ? ಅಮ್ಮನ ಮೊಣಕಾಲು ಹೇಗಿದೆ?”

ನಿರ್ದೇಶಕ ಎದ್ದು ಬಂದು ಅವಳ ಎರಡೂ ಕೆನ್ನೆ ಹಿಡಿದು, ಇಂಥ ಸಂಕಟ ನಾನು ಯಾವ ಮುಖದಲ್ಲೂ ನೋಡಿಲ್ಲ, ಇನ್ನು ಮುಂದೆ ನನ್ನ ಎಲ್ಲ ಚಿತ್ರದಲ್ಲೂ ನೀನೇ ಸಾಯಬೇಕು ಎಂದ.

ಅಂದಿನಿಂದ ಪ್ರತಿ ಚಿತ್ರದಲ್ಲೂ, ಮುಖ ಹತ್ತಿರ ಕಾಣುವ ಒಂದಾದರೂ ಕಡೆ, ಅವಳು ತಮ್ಮನ ಜೊತೆ ಮಾತಾಡಿದಳು. ಬಾವಲಿ ಕಚ್ಚುವ ಮುಂಚೆ, ಕುಂಬಳಕಾಯಿ ತುಂಬಿದ ಹಬ್ಬದ ಕಡುಬು ತಿಂದು ನಾಲ್ಕು ವರ್ಷವಾಯಿತು ಎಂದಳು. ನೇಣಿನ ಕೆಳಗೆ ನಿಂತು, ಅಪ್ಪನಿಗೆ ಹೇಳಬೇಡ, ನನಗೆ ಇಲ್ಲಿ ತುಂಬಾ ಬೇಜಾರು ಎಂದಳು. ಡಬ್ಬಿಂಗಿನವನು ಮಾತ್ರ ತಲೆ ಚಚ್ಚಿಕೊಳ್ಳುತ್ತಿದ್ದ. ಬರೆದಿರುವುದು “ಅಯ್ಯೋ ದೇವರೇ” ಎಂಬ ಎರಡೇ ಪದ, ಈ ಹುಡುಗಿಯ ಬಾಯಿ ಮಾತ್ರ ಅರ್ಧ ನಿಮಿಷ ಆಡುತ್ತದೆ, ನಾನು ಎಲ್ಲಿಂದ ತಂದು ತುಂಬಲಿ ಎಂದು.

ತಮ್ಮ ನೋಡುತ್ತಿದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಉತ್ತರ ಬರುವ ದಾರಿಯೇ ಇರಲಿಲ್ಲ. ನೋಡುತ್ತಾನೆ ಎಂದು ನಂಬಿದ ದಿನ ಊಟ ಸೇರುತ್ತಿತ್ತು. ಇಲ್ಲ ಅನ್ನಿಸಿದ ದಿನ, ಅವಳಿಗೇ ನಾಚಿಕೆಯಾಗುತ್ತಿತ್ತು: ಅರೆಬತ್ತಲೆ ನಿಂತು ಗೋಡೆಯ ಜೊತೆ ಮಾತಾಡುವ ಹುಚ್ಚಿ ಎಂದು.

ಎಪ್ಪತ್ತೈದನೆಯ ಇಸವಿಯ ಅಕ್ಟೋಬರಿನಲ್ಲಿ, ಅದೇ ಪಾಳು ಕೋಟೆಯಲ್ಲಿ, ಬಿಳಿ ನಿಲುವಂಗಿಯಲ್ಲಿ ನಿಂತು ಅವಳು ಹೇಳಿದಳು: ಈ ಸಾಂತಾ ಲೂಚಿಯಾ ದಿನ ಬರ್ತೀನಿ, ಸ್ಟೇಷನ್ನಿಗೆ ಬಾ. ಅವಳ ಊರ ಕಡೆ ಮಕ್ಕಳಿಗೆ ಉಡುಗೊರೆ ತರುವವಳು ಆ ಸಂತಳೇ, ಡಿಸೆಂಬರ್ ಹದಿಮೂರಕ್ಕೆ. ಹೇಳುವಾಗ ನೀವೆಸ್‌ಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆ ವರ್ಷ ನಿಜವಾಗಿಯೂ ಹೋಗಬೇಕು, ಅಪ್ಪ ಬಾಗಿಲು ಹಾಕಿದರೂ ಸ್ಟೇಷನ್ನಿನಲ್ಲೇ ಅಮ್ಮನನ್ನೂ ತಮ್ಮನನ್ನೂ ನೋಡಿಕೊಂಡು ಮುಂದಿನ ಗಾಡಿಗೆ ಮರಳಬೇಕು ಎಂದುಕೊಂಡಿದ್ದಳು. ನವೆಂಬರಿನಲ್ಲಿ ಸುದ್ದಿ ಬಂತು: ಸೆನ್ಸಾರಿನವರು ಚಿತ್ರವನ್ನು ಹಿಡಿದಿಟ್ಟಿದ್ದಾರೆ. ಚಿತ್ರವೇ ಬರದಿದ್ದ ಮೇಲೆ ಮಾತು ಯಾರಿಗೆ ತಲುಪೀತು? ಅಷ್ಟರಲ್ಲಿ ಟರ್ಕಿಯಲ್ಲಿ ಕೆಲಸವೊಂದು ಸಿಕ್ಕಿತು. ಅವಳು ಹೋದಳು, ಅಲ್ಲಿ ಎರಡು ಸಲ ಸತ್ತಳು, ಹೇಳಿದ್ದನ್ನು ಮರೆತಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಫಿಲ್ಮಿನ ಮೇಲೆ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ.

ಎಂಬತ್ತರ ಹೊತ್ತಿಗೆ ಅಗ್ಗದ ಚಿತ್ರಗಳ ಕಾಲ ಮುಗಿಯಿತು. ಜನ ಮನೆಯಲ್ಲೇ ಟೀವಿ ಮುಂದೆ ಕೂತರು. ಮೂವತ್ತೆರಡರ ನೀವೆಸ್‌ಗೆ ಸಾಯುವ ಪಾತ್ರಗಳೂ ಸಿಗದೆ ಹೋದವು. ಅವಳು ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ಮರುವರ್ಷ ಸೆಪ್ಟೆಂಬರಿನಲ್ಲಿ ಮುಚ್ಚಿಹೋದ ಚಿತ್ರ ಕಂಪನಿಯ ಗುಮಾಸ್ತ ಅವಳನ್ನು ಹುಡುಕಿಕೊಂಡು ಬಂದು ಒಂದು ಕಾರ್ಡು ಕೊಟ್ಟ. ಜೆನ್ನಿ ಹಾರ್ಟ್‌ವುಡ್ ಹೆಸರಿಗಿತ್ತು. ಬರೆದವನು ಪಿಯೊಪ್ಪಾದ ಸ್ಟೇಷನ್ ಮಾಸ್ತರ ಗುಯೆರಿನೊ. ನಿಮ್ಮ ತಾಯಿ ಫೆಬ್ರವರಿಯಲ್ಲಿ ತೀರಿಕೊಂಡರು, ಪೋಸ್ಟರಿನಲ್ಲಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ, ತಲುಪಿದರೆ ಒಮ್ಮೆ ಬನ್ನಿ, ಇಷ್ಟೇ ಇತ್ತು.

ಮರುದಿನವೇ ಅವಳು ಗಾಡಿ ಹತ್ತಿದಳು. ಪಿಯೊಪ್ಪಾದಲ್ಲಿ ಇಳಿದವಳು ಅವಳೊಬ್ಬಳೇ. ಹಸಿರು ದೀಪ ಹಿಡಿದು ನಿಂತಿದ್ದ ಗುಯೆರಿನೊ ಗಾಡಿಯನ್ನು ಕಳಿಸಿ, ಅವಳ ಹತ್ತಿರ ಬಂದು ಟೋಪಿ ತೆಗೆದ. ಅವಳನ್ನು ಲಂಗ ಹಾಕುವ ಕಾಲದಿಂದ ಬಲ್ಲವನು.

“ಬಂದ್ಯೇನವ್ವಾ,” ಎಂದ. “ಆ ಬೆಂಚಿನ ಮೇಲೆ ಒಂದ್ನಿಮಿಷ ಕೂತ್ಕೋ. ನಿಮ್ಮಮ್ಮ ಕೂರ್ತಿದ್ದ ಜಾಗ ಅದು.”

ಆಮೇಲೆ ಹೇಳಿದ. ಎರ್ಮೆಸ್ ಅವಳ ಒಂದು ಚಿತ್ರವನ್ನೂ ಬಿಟ್ಟಿರಲಿಲ್ಲ. ಯಾರೂ ನೋಡಕೂಡದ ಚಿತ್ರಗಳ ಪಟ್ಟಿಯನ್ನು ಪಾದ್ರಿ ಇಗರ್ಜಿಯ ಬಾಗಿಲಿಗೆ ಅಂಟಿಸುತ್ತಿದ್ದನಲ್ಲ, ಎರ್ಮೆಸ್‌ಗೆ ಅದೇ ಜಾಹೀರಾತು. ಅಸ್ತ್ರಾದಲ್ಲಿ ಮೊದಲ ಸಾಲಿನಲ್ಲಿ ಕೂತು, ಅಕ್ಕನ ಮುಖ ದೊಡ್ಡದಾಗಿ ಬಂದಾಗ ಎದ್ದು ನಿಂತು ಉತ್ತರ ಕೊಡುತ್ತಿದ್ದ. ತನ್ನ ದನಿ ಎಷ್ಟು ಜೋರೆಂದು ಅವನಿಗೆ ಗೊತ್ತಿಲ್ಲ. ಬೂಟು ತಗೊಂಡೆ, ಅಮ್ಮ ಚೆನ್ನಾಗಿದ್ದಾಳೆ ಎಂದು ಕೂಗುತ್ತಿದ್ದ. ಬತ್ತಲೆ ಹೆಂಗಸನ್ನು ಕಂಡು ಮೂಗನಿಗೆ ಹುಚ್ಚು ಹಿಡಿದಿದೆ ಎಂದು ಜನ ಸಿಳ್ಳೆ ಹಾಕುತ್ತಿದ್ದರು. ಎಷ್ಟೋ ಸಲ ಕತ್ತು ಹಿಡಿದು ಹೊರಗೆ ದಬ್ಬಿದ್ದರು. ಅವನು ಬಟ್ಟೆ ಕೊಡವಿಕೊಂಡು ಮನೆಗೆ ಹೋಗಿ, ಅಕ್ಕ ಏನೇನು ಹೇಳಿದಳೆಂದು ಅಮ್ಮನಿಗೆ ಒಪ್ಪಿಸುತ್ತಿದ್ದ. ದೀನಾ ಮಡಿಲಲ್ಲಿ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ನೀವೆಸ್‌ಗೆ ಎದೆ ತುಂಬಿ ಬಂತು. ತಲುಪಿತ್ತು, ಎಲ್ಲವೂ ತಲುಪಿತ್ತು. ಆದರೆ ಗುಯೆರಿನೊ ಅವಳ ಮುಖ ನೋಡದೆ ಹಳಿ ನೋಡುತ್ತಿದ್ದ.

“ಎಪ್ಪತ್ತೇಳರಲ್ಲಿ ಒಂದು ಚಿತ್ರ ಬಂತು. ಸಾಂತಾ ಲೂಚಿಯಾ ದಿನ ಬರ್ತೀನಿ ಅಂತ ನೀನು ಹೇಳಿದ್ಯಂತೆ. ತಾಯಿ ಮಗ ಇಬ್ರೂ ಹಬ್ಬದ ಬಟ್ಟೆ ಹಾಕ್ಕೊಂಡು ಬಂದು ಕೂತ್ರು. ಸಂಜೆ ಗಾಡಿ ಹೋಯ್ತು. ಕೊನೇ ಗಾಡಿನೂ ಹೋಯ್ತು.”

ಅದೊಂದೇ ವರ್ಷವಾಗಿದ್ದರೆ ಆಗುತ್ತಿತ್ತು. ಸೆನ್ಸಾರಿನಿಂದ ಬಿಡಿಸಿಕೊಂಡ ಆ ಚಿತ್ರವನ್ನು ನಿರ್ಮಾಪಕ ಮರುವರ್ಷ ಹೊಸ ಹೆಸರಿಟ್ಟು, ಹೊಸ ಪೋಸ್ಟರು ಹಾಕಿ ಮತ್ತೆ ಬಿಟ್ಟ. ಅದರ ಮರುವರ್ಷ ಬಿಳಿ ಅಂಗಿಯ ಅದೇ ದೃಶ್ಯವನ್ನು ಕತ್ತರಿಸಿ ಇನ್ನೊಂದು ಚಿತ್ರಕ್ಕೆ ಅಂಟಿಸಿದ. ಅದಾದ ಮೇಲೆ ಮತ್ತೊಂದಕ್ಕೆ. ಉಳಿತಾಯ ಮಾಡುವುದನ್ನು ಆ ಪುಣ್ಯಾತ್ಮರಿಂದ ಕಲಿಯಬೇಕು. ಎರ್ಮೆಸ್‌ಗೆ ಅದೇ ಅಂಗಿ, ಅದೇ ಗೋಡೆ ಕಾಣಲಿಲ್ಲವೇ? ಕಂಡಿರಬೇಕು. ಆದರೆ ಅಕ್ಕ ಮತ್ತೆ ಹೇಳುತ್ತಿದ್ದಾಳೆ ಎಂದಮೇಲೆ ಅವನು ಏನು ತಾನೇ ಮಾಡಿಯಾನು? ಅಮ್ಮನಿಗೆ ಹೇಳಿದ. ನಾಲ್ಕು ಡಿಸೆಂಬರ್ ಹದಿಮೂರು, ಆ ಮಂಜಿನಲ್ಲಿ, ಆ ಬೆಂಚು. ನಾಲ್ಕನೆಯ ವರ್ಷ ದೀನಾಗೆ ನಡೆಯಲಾಗದೆ ಮಗ ಚೀಸ್ ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ ತಂದಿದ್ದ. ಊರಿನವರು ದಾರಿಯುದ್ದಕ್ಕೂ ನಕ್ಕಿದ್ದರು.

“ನಾನೂ ನಂಬಿರ್ಲಿಲ್ಲ,” ಎಂದ ಗುಯೆರಿನೊ. “ತಾಯಿ ಸಮಾಧಾನಕ್ಕೆ ಹುಡುಗ ಕಟ್ಟಿದ ಕಥೆ ಅಂದ್ಕೊಂಡಿದ್ದೆ. ಮುಂಚೇನೇ ಆ ಕಾರ್ಡು ಬರೀಬಹುದಿತ್ತು. ಬರೀಲಿಲ್ಲ. ಸಾಯೋ ಹಿಂದಿನ ದಿನ ನಾನು ನೋಡೋಕೆ ಹೋದಾಗ ನಿಮ್ಮಮ್ಮ ಅವನ ತಲೆ ಸವರಿ ಅಂದ್ಲು, ಅವಳು ಹಾಗೆ ಹೇಳೇ ಇರ್ಲಿಲ್ಲ ಅಲ್ವೇನೋ, ನನಗೋಸ್ಕರ ನೀನೇ ಹೇಳಿದ್ದು, ಇರ್ಲಿ ಬಿಡು ಕಂದಾ ಅಂತ. ಅವತ್ತಿಂದ ಅವನು ಯಾರ ಹತ್ರಾನೂ ಮಾತಾಡಿಲ್ಲ ಕಣವ್ವಾ. ಒಂದೇ ಒಂದು ಮಾತು ಆಡಿಲ್ಲ.”

ನೀವೆಸ್ ಬೆಂಚಿನ ಅಂಚನ್ನು ಕೈಯಿಂದ ಸವರಿದಳು. ಟರ್ಕಿಯಲ್ಲಿ ಯಾವ ಊರಿನಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ನೆನೆಯಲು ನೋಡಿದಳು. ನೆನಪಾಗಲಿಲ್ಲ. ಅಮ್ಮನ ಹಬ್ಬದ ಬಟ್ಟೆ ಮಾತ್ರ ನೆನಪಾಯಿತು, ಕಪ್ಪು ಉಣ್ಣೆಯದು, ಕಾಲರಿಗೆ ಅವಳೇ ಹೆಣೆದ ಕಸೂತಿ.

ಎರ್ಮೆಸ್ ಚೀಸ್ ಕಾರ್ಖಾನೆಯ ಉಗ್ರಾಣದಲ್ಲಿದ್ದ. ಎತ್ತರದ ಹಲಗೆಗಳ ಮೇಲೆ ಸಾಲಾಗಿ ಕೂತ ಗಾಲಿಯಂಥ ಚೀಸಿನ ಗಟ್ಟಿಗಳನ್ನು ಒಂದೊಂದಾಗಿ ಒರೆಸಿ ತಿರುವಿಡುತ್ತಿದ್ದ. ಇಪ್ಪತ್ತೆಂಟಕ್ಕೇ ಕಿವಿಯ ಹತ್ತಿರ ನರೆ. ಅವಳ ನೆರಳು ಬಿದ್ದಾಗ ತಿರುಗಿದ. ಅವಳು ಬಾಯಿ ತೆರೆದಳು. ಅವನು ತಟ್ಟನೆ ಕಣ್ಣು ಮುಚ್ಚಿಕೊಂಡ.

ಅವನಿಗೆ ಕಣ್ಣು ಮುಚ್ಚುವುದೆಂದರೆ ಮುಖಕ್ಕೆ ಬಾಗಿಲು ಹಾಕಿದಂತೆ. ತಪ್ಪಾಯಿತು ಎಂದು ಹೇಳಲು ಒಂದು ಬಿರುಕೂ ಇಲ್ಲ. ಅವಳು ನಿಂತಲ್ಲೇ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಅವನು ಕಣ್ಣು ತೆರೆದು, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟು, ಅವಳ ತೋಳು ಹಿಡಿದು ಹೊರಗೆ ನಡೆದ. ತಂದೆಯ ಮನೆಯ ಕಡೆಗಲ್ಲ, ಪಾಪ್ಲರ್ ಮರಗಳ ಸಾಲು ದಾಟಿ ಸ್ಮಶಾನದ ಕಡೆಗೆ.

ದೀನಾಳ ಕಲ್ಲಿನ ಮೇಲೆ ಒಂದು ಚಿಕ್ಕ ಫೋಟೋ ಇತ್ತು. ಅಕ್ಕಪಕ್ಕದ ಸಮಾಧಿಗಳಲ್ಲಿ ನಾಲ್ಕಾರು ಹೆಂಗಸರು ಹೂವಿನ ನೀರು ಬದಲಿಸುತ್ತಿದ್ದರು. ಎರ್ಮೆಸ್ ಅವಳನ್ನು ಕಲ್ಲಿನ ಎದುರು ನಿಲ್ಲಿಸಿ, ತಾನು ಅವಳ ತುಟಿ ಕಾಣುವ ಹಾಗೆ ಕಲ್ಲಿನ ಪಕ್ಕಕ್ಕೆ ಬಂದು ನಿಂತ. ಏಳು ತಿಂಗಳು ಬಳಸದ ದನಿ ತುಕ್ಕು ಹಿಡಿದ ಬಾಗಿಲಿನಂತೆ ಬಂತು.

“ಹೇಳು. ಅದೇ ಮಾತು. ಜೋರಾಗಿ. ನನಗಲ್ಲ, ಅಮ್ಮನಿಗೆ.”

ಅವಳು ಬಾಯಿ ತೆರೆದಳು. ಆದರೆ ಆ ದಿನ ಏನು ಹೇಳಿದ್ದೆ, ಯಾವ ಪದ ಮೊದಲು, ಯಾವುದು ಆಮೇಲೆ, ಒಂದೂ ನೆನಪಿರಲಿಲ್ಲ. ನಲವತ್ತು ಚಿತ್ರಗಳಲ್ಲಿ ಆಡಿದ ಮಾತುಗಳ ನಡುವೆ ಅದೆಲ್ಲೋ ಕಳೆದುಹೋಗಿತ್ತು. ತಮ್ಮನ ಕಣ್ಣು ಅವಳ ತುಟಿಯ ಮೇಲೇ ಇತ್ತು. ಅವಳಿಗೆ ಮರೆತಿದೆ ಎಂದು ಅವನಿಗೆ ತಿಳಿಯಿತು. ಅವನ ಮುಖದಲ್ಲಿ ಆಗ ಬಂದದ್ದನ್ನು ಅವಳು ಬದುಕಿರುವವರೆಗೆ ಮರೆಯಲಿಲ್ಲ.

ಅವನೇ ಹೇಳಿಕೊಟ್ಟ. ನಾಲ್ಕು ವರ್ಷ ಒಂದಕ್ಷರ ಚೆಲ್ಲದೆ ಇಟ್ಟುಕೊಂಡಿದ್ದನ್ನು ತುಂಡು ತುಂಡಾಗಿ ಅವನು ಹೇಳಿದ, ಡಬ್ಬಿಂಗ್ ಕೋಣೆಯಿಂದ ಹೊರಗೆ ಹಾಕಿಸಿಕೊಂಡ ಆ ದನಿಯಲ್ಲಿ ಅವಳು ಹಿಂದೆ ಹಿಂದೆ ಹೇಳಿದಳು.

“ಎರ್ಮೆಸ್, ಈ ಸಾಂತಾ ಲೂಚಿಯಾ ದಿನ ಬರ್ತೀನಿ. ಸ್ಟೇಷನ್ನಿಗೆ ಬಾ, ಸಂಜೆ ಗಾಡಿಗೆ. ಅಮ್ಮನಿಗೆ ಹೇಳು, ಕಪ್ಪು ಉಣ್ಣೆ ಬಟ್ಟೆ ಹಾಕ್ಕೊಂಡು ಬರಲಿ, ಚಳಿ ಇರತ್ತೆ. ಅಲ್ಲೇ ಕೂತಿರಿ. ನಾನು ಬಂದೇ ಬರ್ತೀನಿ.”

ಹೂವಿನ ನೀರು ಬದಲಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ತಿರುಗಿ ನೋಡಿದರು. ಎರ್ಮೆಸ್ ಅವರನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಮೊಣಕಾಲೂರಿ, ಕಲ್ಲಿನ ಮೇಲಿನ ಫೋಟೋವನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, ಅದರ ಹತ್ತಿರ ಬಾಯಿ ತಂದ.

“ಕೇಳಿಸ್ತಾ ಅಮ್ಮಾ? ನಾನು ಸುಳ್ಳು ಹೇಳಿರ್ಲಿಲ್ಲ.”