ಕುವೈತಿನಿಂದ ಬಂದ ಚಾಚಿ

ಕಳೆದ ವಾರ ಹಳೆಯ ಟ್ರಂಕು ತೆಗೆದಾಗ ತಳದಲ್ಲಿ ಒಂದು ಹಳದಿ ಟವೆಲು ಸಿಕ್ಕಿತು. ಒಳ್ಳೆ ದಪ್ಪನೆಯದು, ಅಂಚಿನ ನೂಲು ಕಿತ್ತುಬಂದಿದೆ. ಮುಖಕ್ಕೆ ಹಿಡಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಪರದೇಶದ ಸೋಪಿನ ಪರಿಮಳ ಇನ್ನೂ ಇತ್ತು... ಇಲ್ಲವೇ ಇದೆಯೆಂದು ನನಗೆ ಅನ್ನಿಸಿತೋ ಏನೋ. ಅದರ ಬೆನ್ನಿಗೇ ರಾಯಚೂರಿನ ಆ ಅಂಗಳ, ಬೇವಿನ ನೆರಳು, ಚಾಚಿಯ ದನಿ, ಎಲ್ಲ ಬಂದವು.

ಎಪ್ಪತ್ತರ ದಶಕದ ಕೊನೆ ಅದು. ನಾನು ದೇವದುರ್ಗದವಳು. ಮದುವೆಯಾಗಿ ರಾಯಚೂರಿಗೆ ಬಂದು ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ಒಂದೇ ಅಂಗಳ. ಆ ಮನೆಯ ಸೊಸೆಯನ್ನು ಓಣಿಗೆ ಓಣಿಯೇ ಚಾಚಿ ಎನ್ನುತ್ತಿತ್ತು. ತವರು ಮಾನ್ವಿ. ಗಂಡ ಕುವೈತಿನಲ್ಲಿ ಮೋಟಾರು ಮೆಕ್ಯಾನಿಕ್. ಮೂರು ವರ್ಷ ಅಲ್ಲಿದ್ದು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಚಾಚಿ ಆ ಬೇಸಿಗೆಗೆ ಊರಿಗೆ ಬಂದಿದ್ದರು. ತಿರುಗಿ ಹೋಗುವುದೋ, ಇಲ್ಲೇ ಉಳಿಯುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಮೊಮ್ಮಗಳು ಕಣ್ಣೆದುರಿಗೇ ಇರಲಿ ಎಂದು ಅತ್ತೆಯ ಹಟ.

ಸಂಜೆ ಕಾದ ನೆಲಕ್ಕೆ ನೀರು ಚಿಮುಕಿಸಿ ಹೊರಸು ಹಾಕಿದರೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ನಮಗೆ ಅವರ ಮಾತು ಕನಸಿನಂತೆ ಕೇಳುತ್ತಿತ್ತು. ಬಿಸಿಲು ಅಲ್ಲಿ ನಮ್ಮೂರಿಗಿಂತ ಕ್ರೂರವಂತೆ, ಆದರೆ ಮನೆಯೊಳಗೆ ತಂಪುಗಾಳಿಯ ಮಷೀನಿಗೆ ನಡುಹಗಲು ಕೌದಿ ಹೊದೆಯಬೇಕಂತೆ.

"ಎರಡು ಹೊಳಿ ನಡುವ ಕುಂತು ನಾವು ಕೊಡ ಹಿಡಕೊಂಡು ಪಾಳಿ ಹಚ್ಚೀವಿ. ಅಲ್ಲಿ ಒಂದು ಹೊಳಿ ಇಲ್ಲ, ನಳದಾಗ ಹೊತ್ತೆಲ್ಲ ನೀರು. ಸಮುದ್ರದ ಉಪ್ಪು ತೆಗದು ಕೊಡ್ತಾರ," ಎನ್ನುತ್ತಿದ್ದರು ಚಾಚಿ. ಯಾರೂ ನಂಬುತ್ತಿರಲಿಲ್ಲ. ನಂಬದೆಯೂ ಮರುದಿನ ಮತ್ತೆ ಕೇಳಲು ಬರುತ್ತಿದ್ದರು.

ಮಾನ್ವಿಯಲ್ಲಿ ತಾಯಿ ತೀರಿಕೊಂಡ ಸುದ್ದಿ ಅವರಿಗೆ ನಾಲ್ಕು ದಿನದ ಮೇಲೆ ಮುಟ್ಟಿತ್ತಂತೆ. ಅಲ್ಲಿ ಪಕ್ಕದ ಮನೆಯವರ ಭಾಷೆ ಬರದು. ಆ ನಳ ಬಿಟ್ಟುಕೊಂಡು, ಅದರ ಸಪ್ಪಳದಲ್ಲೇ ಅತ್ತರಂತೆ. ಇದನ್ನು ಹೇಳಿದ್ದು ನನ್ನೊಬ್ಬಳಿಗೆ.

"ಹಂಗಾದ್ರ ಯಾವ ದೇಶ ಛಲೋ, ಚಾಚಿ?" ಎಂದು ಕೇಳಿದ್ದೆ.

ಅವರು ನಕ್ಕರು. "ಹಡಿಯಾಕ ಅದು ಛಲೋ. ಹಡದದ್ದು ತೋರ್ಸಾಕ ಇದು ಛಲೋ."

ನನಗೆ ಆಗ ಎಂಟು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ದೇವದುರ್ಗದಿಂದ ಕರೆಯಲು ಬಂದಿದ್ದಳು. ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದಿತ್ತು. ಆ ಸಂಜೆ ಚಾಚಿಯ ಹೊರಸಿನ ಮೇಲೆ ಊದಿದ ಕಾಲು ನೀಡಿಕೊಂಡು ಕೂತಿದ್ದೆ. ಅವರು ಮಾತು ನಿಲ್ಲಿಸಿ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕುಣಿ ಬಿತ್ತು. ಎಷ್ಟು ಹೊತ್ತಾದರೂ ತುಂಬಲಿಲ್ಲ.

"ಅಕ್ಕಾರ, ಈಕಿನ್ನ ನಾಳಿ ಬಸ್ಸಿಗಿ ಹತ್ತಿಸಬ್ಯಾಡ್ರಿ. ಅಲ್ಲಿ ಡಾಕ್ಟರು ತಿಂಗಳಿಗೊಮ್ಮಿ ನನ್ನ ಕಾಲು ಹಿಂಗ ಒತ್ತಿ ನೋಡಾಕಿ. ಕುಣಿ ಬಿದ್ರ ಮನಿಗೆ ಬಿಡ್ತಿದ್ದಿಲ್ಲ."

ಅವ್ವನಿಗೆ ಸಿಟ್ಟು ಬಂತು. "ಆ ದೇಶದ ಮಾತು ಆ ದೇಶಕ್ಕ, ತಂಗಿ. ನಾ ಐದು ಹಡದೀನಿ. ಐದೂ ಮನ್ಯಾಗ."

"ನಾ ಇಲ್ಲಿ ಎರಡು ಹಡದೆ. ಎರಡೂ ಮಣ್ಣಿಗೆ ಕೊಟ್ಟೆ. ಮೂರನೇದು ಅಲ್ಲಿ ಉಳೀತು," ಎಂದರು ಚಾಚಿ. ಮೆಲ್ಲಗೆ ಕೇಳಿದರು. "ನೀವು ಹಡದದ್ದು ಐದೇ ಏನ್ರಿ, ಅಕ್ಕಾರ?"

ಅವ್ವ ಬೇವಿನ ಮರದ ಕಡೆ ತಿರುಗಿದಳು. "ಏಳು," ಎಂದಳು.

ಉಳಿಯದ ಆ ಇಬ್ಬರ ವಿಷಯ ನಾನು ಕೇಳಿದ್ದು ಅದೇ ಮೊದಲು. ಅವ್ವ ಎದ್ದು ಸೆರಗು ಸರಿಪಡಿಸಿಕೊಂಡು, "ಟಾಂಗಾ ಕರೀರಿ," ಎಂದಳು.

ದವಾಖಾನೆಯಲ್ಲಿ ರಕ್ತದೊತ್ತಡ ನೋಡಿದ ಡಾಕ್ಟರಮ್ಮ ನನ್ನನ್ನು ಊರು ಬಿಡಗೊಡದೆ ಅಲ್ಲೇ ಸೇರಿಸಿಕೊಂಡರು. ಒಂಬತ್ತನೆಯ ದಿನ ವಾರ್ಡಿನಲ್ಲಿದ್ದಾಗಲೇ ಫಿಟ್ಸ್ ಬಂತಂತೆ... ನನಗೇನೂ ನೆನಪಿಲ್ಲ. ಎಚ್ಚರವಾದಾಗ ಪಕ್ಕದಲ್ಲಿ ಈ ಹಳದಿ ಟವೆಲು, ಅದರೊಳಗೆ ಒಂದು ಪುಟ್ಟ ಕೆಂಪು ಮುಖ. ಚಾಚಿಯ ಕಣ್ಣು ಬಾತಿದ್ದವು. "ಹೆಣ್ಣು," ಎಂದಷ್ಟೇ ಹೇಳಿ ನಕ್ಕರು.

ಅತ್ತೆಯ ಹಟ ನಡೆಯಲಿಲ್ಲ. ಚಾಚಿ ಆಗಲೇ ನಾಲ್ಕು ತಿಂಗಳ ಬಸುರಿ. ಇಲ್ಲಿ ಹಡೆಯುವ ಧೈರ್ಯ ಅವರಿಗಿರಲಿಲ್ಲ. ಹೊರಡುವ ದಿನ ಅವ್ವ ಅವರಿಗೆ ಅಕ್ಕಿ, ಕುಬಸದ ಕಣ ಹಾಕಿ ಉಡಿ ತುಂಬಿದಳು. ಚಾಚಿ ಸೆರಗೊಡ್ಡಿ ತುಂಬಿಸಿಕೊಂಡರು.

ಆಮೇಲೆ ನಮಗೆ ವರ್ಗವಾಯಿತು. ಚಾಚಿಯ ಅತ್ತೆ ತೀರಿಕೊಂಡ ಮೇಲೆ ಆ ಮನೆ ಬೇರೆಯವರ ಪಾಲಾಯಿತೆಂದು ಕೇಳಿದೆ. ಚಾಚಿಗೆ ಕನ್ನಡ ಓದಲು ಬಾರದು, ನನಗೆ ಉರ್ದು ಬರೆಯಲು ಬಾರದು ಎಂಬ ನೆಪದಲ್ಲಿ ಒಂದು ಕಾಗದವನ್ನೂ ಹಾಕಲಿಲ್ಲ. ಓದಿ ಹೇಳುವವರು ಸಿಗುತ್ತಿರಲಿಲ್ಲವೇ...

ಈ ಭಾನುವಾರ ಮಾನ್ವಿಗೆ ಹೋಗಿ, ವಿಚಾರಿಸುತ್ತ ಚಾಚಿಯ ತಮ್ಮನ ಮನೆ ಹುಡುಕಿದೆ. ಅವರ ತಲೆ ಪೂರ್ತಿ ನರೆತಿದೆ. ಯಾರೆಂದು ಹೇಳಿದೊಡನೆ ಒಳಗೆ ಕರೆದು ಕೂರಿಸಿದರು.

"ಆಪಾ ಹೋಗಿ ಹನ್ನೊಂದು ವರ್ಷ ಆತ್ರಿ. ಅಲ್ಲೇ ಕುವೈತಿನಾಗ ಮಣ್ಣು ಮಾಡಿದ್ರು. ಆ ಸಲ ಹೋದಾಗ ಮಗ ಹುಟ್ಟಿದ್ದ, ಛಲೋ ಅದಾನ," ಎಂದರು. ಚಹಾ ಕೊಟ್ಟು ಮತ್ತೆ ಹೇಳಿದರು. "ಊರಿಗೆ ಬಂದಾಗೆಲ್ಲ ಕೇಳ್ತಿದ್ಲು, ಟೀಚರಮ್ಮ ಮಗಳಿಗೆ ಏನು ಹೆಸರಿಟ್ಟಳು ಅಂತ. ನಮಗ ಯಾರಿಗೂ ಗೊತ್ತಿರಲಿಲ್ಲ."

ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಮೂರು ದಿನ ಮೊದಲೇ ಚಾಚಿ ಹೊರಟುಬಿಟ್ಟಿದ್ದರು. ನಾನು ಹೆಸರು ಹೇಳಿದೆ. ಆ ಮುದುಕರು ಅದನ್ನು ತಮ್ಮಷ್ಟಕ್ಕೆ ಒಮ್ಮೆ ಅಂದುಕೊಂಡು, ತಲೆಯಾಡಿಸಿದರು.